ಅಗಲ ಬುಡದ ಗುಳ್ಳೆ

ಜೂನ್ 11

ಪ್ರೀತಿಯ ಅಪ್ಪ,

ಅಮ್ಮ ಫೋನಿನಲ್ಲಿ ಎಲ್ಲವನ್ನೂ ಕೇಳಿಸಿಕೊಂಡು ನಿನ್ನ ಕಿವಿಯ ಹತ್ತಿರ ಅರ್ಧ ಮಾತ್ರ ಕೂಗಿ ಹೇಳುತ್ತಾಳೆ ಎಂದು ನನಗೆ ಗೊತ್ತಾಗಿದೆ. ಹೋದ ವಾರ ನಾನು "ಇವರಿಗೆ ಪ್ರಮೋಷನ್ ಆಗ್ಬಹುದು" ಎಂದರೆ ನಿನಗೆ ತಲುಪಿದ್ದು "ಮೋಷನ್ ಆಗ್ತಿದೆ" ಎಂದು. ನೀನು ಮಾತ್ರೆಯ ಹೆಸರು ಬರೆದು ಕಳಿಸಿದೆ. ಅದಕ್ಕೇ ಇನ್ನು ಮೇಲೆ ನಿನಗೆ ಬೇರೆಯೇ ಪತ್ರ. ಮೂವತ್ತೈದು ವರ್ಷ ಹಲ್ಲಿನ ಸೆಟ್ಟುಗಳಿಗೆ ಹೊಳಪು ಕೊಡುವ ಯಂತ್ರದ ಪಕ್ಕ ಕೂತು ಕಿವಿ ಕಳೆದುಕೊಂಡವನಿಗೆ ಮಗಳು ಕಾಗದ ಬರೆಯದೆ ಇನ್ನೇನು ಮಾಡಲಿ. ನನ್ನ ಇಂಗ್ಲಿಷ್ ಮೀಡಿಯಂ ಕನ್ನಡವನ್ನು ಕೆಂಪು ಪೆನ್ನಿನಲ್ಲಿ ತಿದ್ದಿ ವಾಪಸ್ ಕಳಿಸಬೇಡ, ಅಷ್ಟೇ.

ಅಪ್ಪ, ನಾನು ತುಂಬ, ತುಂಬ, ತುಂಬ ಸುಖವಾಗಿದ್ದೇನೆ. ಮದುವೆಯಾಗಿ ನಲವತ್ತು ದಿನ ಆಯಿತು, ಇನ್ನೂ ಬೆಳಿಗ್ಗೆ ಎದ್ದರೆ ಯಾರದೋ ಮನೆಗೆ ರಜೆಗೆ ಬಂದ ಹಾಗೆ ಅನ್ನಿಸುತ್ತದೆ. ಮನೆ ನಾಲ್ಕನೆಯ ಮಹಡಿಯಲ್ಲಿ. ಊರಿಗೆಲ್ಲ ಲಿಫ್ಟ್ ರಿಪೇರಿ ಮಾಡುವವನ ಹೆಂಡತಿ ದಿನಕ್ಕೆ ಎರಡು ಸಲ ತೊಂಬತ್ತೆರಡು ಮೆಟ್ಟಿಲು ಹತ್ತಿ ಇಳಿಯುತ್ತಾಳೆ, ಏಕೆಂದರೆ ಈ ಕಟ್ಟಡಕ್ಕೆ ಲಿಫ್ಟೇ ಇಲ್ಲ. ಕೇಳಿದರೆ "ಆಫೀಸಿನ ಕೆಲಸ ಮನೆಗೆ ತರ್ಬಾರ್ದು ಮೇಡಂ" ಅನ್ನುತ್ತಾರೆ. ಅಡುಗೆಮನೆಯ ಕಿಟಕಿಯಿಂದ ಬಸ್‌ಸ್ಟಾಪ್ ಕಾಣುತ್ತದೆ. ಬಸ್ಸು ಹತ್ತುವ ಮೊದಲು ಇವರು ಸಾಮಾನಿನ ಚೀಲವನ್ನು ತಲೆಯ ಮೇಲೆತ್ತಿ ತೋರಿಸುತ್ತಾರೆ. ಬಸ್‌ಸ್ಟಾಪಿನಲ್ಲಿರುವವರೆಲ್ಲ ಈಗ ತಲೆಯೆತ್ತಿ ನನ್ನನ್ನು ನೋಡುತ್ತಾರೆ. ನನಗೆ ನಾಚಿಕೆಯಾಗುವುದಿಲ್ಲ.

ನೀನು ಮಾಡಿಕೊಟ್ಟ ಹಲ್ಲನ್ನು ಎಲ್ಲರೂ ಹೊಗಳುತ್ತಾರೆ. ಮಾರ್ಚಿನಲ್ಲಿ ಸ್ಪ್ಯಾನರ್ ಜಾರಿ ಮುಂದಿನ ಹಲ್ಲು ಹೋದಾಗ ಮದುವೆಯ ಫೋಟೋದಲ್ಲಿ ಬಾಯಿ ಮುಚ್ಚಿಕೊಂಡೇ ಇರಬೇಕಲ್ಲ ಎಂದು ಇವರು ಎಷ್ಟು ಪೇಚಾಡಿದ್ದರು. ಇಲ್ಲಿನ ಡಾಕ್ಟರಮ್ಮ ಬಾಯಿಯ ಅಚ್ಚು ತೆಗೆದು ಪೋಸ್ಟ್ ಮಾಡಿದರು, ನೀನು ಒಂದು ಹಲ್ಲಿನ ಪ್ಲೇಟು ಮಾಡಿ ಕಳಿಸಿದೆ. ಫೋಟೋದಲ್ಲಿ ಯಾವುದು ನಿನ್ನ ಹಲ್ಲು, ಯಾವುದು ಇವರದು ಎಂದು ನನಗೂ ಗೊತ್ತಾಗುವುದಿಲ್ಲ.

ಒಂದೇ ಒಂದು ತಕರಾರು. ನಾಲ್ಕು ದಿನದಿಂದ ಪ್ಲೇಟು ಬಲಗಡೆ ಹಿಂದೆ ಅಂಗುಳಕ್ಕೆ ಒತ್ತುತ್ತದಂತೆ. ಮೊದಲ ದಿನವೂ ಅಲ್ಲೇ ಒತ್ತಿ, ಡಾಕ್ಟರಮ್ಮ ಒಂಚೂರು ಉಜ್ಜಿಕೊಟ್ಟಿದ್ದರು. "ಮಾವನಿಗೆ ಹೇಳ್ಬೇಡ, ಬೇಜಾರು ಮಾಡ್ಕೋತಾರೆ" ಎಂದಿದ್ದಾರೆ. ನಾನು ಹೇಳುತ್ತಿದ್ದೇನೆ. ನೀನು ಬೇಜಾರು ಮಾಡಿಕೊಂಡರೆ ಅದು ನಿಮ್ಮಿಬ್ಬರ ವಿಷಯ.

ನಿನ್ನ
ಚಿನಕುರಳಿ

*

ಜೂನ್ 19

ಚಿನಕುರಳಿಗೆ,

ಪತ್ರ ತಲುಪಿತು. ಆರು ತಪ್ಪು. ತಿದ್ದಿಲ್ಲ.

ಹೊಸ ಚಪ್ಪಲಿ ಕಚ್ಚುತ್ತದೆ, ಹೊಸ ಪ್ಲೇಟು ಒತ್ತುತ್ತದೆ. ಇದರಲ್ಲಿ ಬೇಜಾರಿಗೆ ಏನಿದೆ. ಒತ್ತುವ ಜಾಗಕ್ಕೆ ಪೆನ್ಸಿಲಿನಿಂದ ಗುರುತು ಮಾಡಿಸಿ ಪ್ಲೇಟು ಕಳಿಸು. ಉಜ್ಜಿ ಅದೇ ದಿನ ವಾಪಸ್ ಹಾಕುತ್ತೇನೆ. ಅಲ್ಲಿಯವರೆಗೆ ಅಳಿಯಂದಿರು ಬಾಯಿ ಮುಚ್ಚಿಕೊಂಡು ನಗಲಿ.

ಎರಡು ತಿಂಗಳು ಚೆನ್ನಾಗಿ ಕೂತ ಪ್ಲೇಟು ಆಮೇಲೆ ಒತ್ತುವುದು ಕಡಿಮೆ. ಬಿಸಿನೀರಿನಲ್ಲಿ ತೊಳೆಯುತ್ತಾರೋ ಕೇಳು. ಬಿಸಿಗೆ ಪ್ಲೇಟು ಬಾಗುತ್ತದೆ. ತಣ್ಣೀರೇ ಆಗಬೇಕು.

ಮೆಟ್ಟಿಲು ಹತ್ತುವುದು ಒಳ್ಳೆಯದು. ಹತ್ತುವಾಗಲಾದರೂ ನಿನ್ನ ಮಾತು ನಿಲ್ಲುತ್ತದೆ.

ಆಶೀರ್ವಾದಗಳೊಂದಿಗೆ,
ಅಪ್ಪ

*

ಜುಲೈ 10

ಪ್ರೀತಿಯ ಅಪ್ಪ,

ಸಿಕ್ಕಿಬಿದ್ದರು. ಬಿಸಿನೀರೇ. ನಾನು ಚೊಂಬಿನಲ್ಲಿ ಬಿಸಿನೀರು ಇಟ್ಟರೆ ಅದರಲ್ಲೇ ಮುಳುಗಿಸಿ ತೊಳೆಯುತ್ತಿದ್ದರಂತೆ. "ಮಾವನಿಗೆ ನನ್ನ ಬಾತ್‌ರೂಮ್ ಕೂಡ ಕಾಣುತ್ತೆ" ಎಂದು ಗಾಬರಿಯಾದರು.

ನೀನು ಉಜ್ಜಿ ಕಳಿಸಿದ ಮೇಲೆ ಹತ್ತು ದಿನ ಹೂವಿನ ಹಾಗಿತ್ತಂತೆ. ಈಗ ಮತ್ತೆ ಅದೇ ಜಾಗ. ಬಿಸಿನೀರು ಬಿಟ್ಟಾಯಿತು, ಆದರೂ. ಗುರುತು ಮಾಡಿ ಇದರ ಜೊತೆ ಕಳಿಸಿದ್ದೇನೆ. ಪ್ಲೇಟಿಲ್ಲದಿದ್ದರೆ ಇವರಿಗೆ ಕೆಲಸದಲ್ಲಿ ಕಷ್ಟ. ಇವರು ಲಿಫ್ಟು ಓಡಾಡುವ ಗುಂಡಿಯ ಮೇಲ್ಗಡೆ, ಜೋಡಿದಾರ ಕೆಳಗಡೆ. ಇವರು "ನಿಲ್ಸು" ಎಂದರೆ ಅವನು ನಿಲ್ಲಿಸಬೇಕು, "ಬಿಡು" ಎಂದರೆ ಬಿಡಬೇಕು. ಹಲ್ಲಿಲ್ಲದೆ ಕೂಗಿದರೆ ಎರಡೂ ಸೀಟಿಯ ಹಾಗೆ ಕೇಳುತ್ತದಂತೆ. "ನಿನ್ನ ಹೆಂಡ್ತಿ ಹಲ್ಲು ಉದುರಿಸಿದ್ದಾಳೆ ಅಂತ ಆಫೀಸಲ್ಲೆಲ್ಲ ಹೇಳಿದ್ದೀನಿ, ಸುಳ್ಳು ಮಾಡ್ಬೇಡ" ಎಂದು ಆ ಮಹಾರಾಯ ನನ್ನೆದುರಿಗೇ ಹೇಳಿದ.

ಅಪ್ಪ, ಮದುವೆಯಾದ ಮೇಲೆ ಗೊತ್ತಾಗುವ ಸಣ್ಣ ಸಣ್ಣ ವಿಷಯಗಳು ಎಷ್ಟು ಮುದ್ದಾಗಿರುತ್ತವೆ. ಇವರು ಕಾಫಿ ಕುಡಿದರೆ ಮೇಲ್ತುಟಿಯ ಬಲಗಡೆ ನೊರೆ ಅಂಟಿಕೊಂಡೇ ಇರುತ್ತದೆ. ಗೊತ್ತೇ ಆಗುವುದಿಲ್ಲ. ನಾನು ಹೇಳದೆ ಕಾಯುತ್ತೇನೆ. ನಿನ್ನೆ ಆ ಬಿಳಿ ಮೀಸೆಯಲ್ಲೇ ಬಸ್‌ಸ್ಟಾಪಿನವರೆಗೆ ಹೋಗಿದ್ದಾರೆ. ಕೆನ್ನೆಯ ಮೇಲೆ ಬೆರಳಿನಿಂದ ಬರೆದು "ಏನ್ ಬರ್ದೆ ಹೇಳಿ" ಎಂದು ಆಟ ಆಡುತ್ತೇವೆ. ಎಡಗೆನ್ನೆಯಲ್ಲಿ ಬರೆದರೆ ಪ್ರತಿ ಸಲ ಸರಿ ಹೇಳುತ್ತಾರೆ, ಬಲಗೆನ್ನೆಯಲ್ಲಿ ಬರೆದರೆ ಪ್ರತಿ ಸಲ ಸೋಲುತ್ತಾರೆ. ಬೇಕೆಂದೇ ಸೋಲುತ್ತಾರೆ, ಸೋತವರು ಪಾತ್ರೆ ತೊಳೆಯಬೇಕು ಎಂಬ ನಿಯಮ ಇದ್ದರೂ. ಇಂಥ ಮನುಷ್ಯ ಸಿಗುತ್ತಾರಾ ಹೇಳು.

ನಿನ್ನ
ಚಿನಕುರಳಿ

*

ಜುಲೈ 18

ಚಿನಕುರಳಿಗೆ,

ಪ್ಲೇಟು ಕಳಿಸಿದ್ದೇನೆ. ಒತ್ತುವ ಕಡೆ ಉಜ್ಜುವಾಗ ತೂತು ಬಿತ್ತು, ನಾಲಿಗೆಯ ಕಡೆಯಿಂದ ತೇಪೆ ಹಾಕಿದ್ದೇನೆ.

ಮೂರು ಪ್ರಶ್ನೆ. ಅಳಿಯಂದಿರನ್ನು ಕೇಳಿ ಉತ್ತರ ಬರೆ.

ಬಲಗಡೆ ಮೇಲಿನ ಹಿಂದಿನ ಹಲ್ಲು ಯಾವುದಾದರೂ ಅಲ್ಲಾಡುತ್ತಿದೆಯೋ. ಬಲಗಡೆ ಮೂಗು ಕಟ್ಟುತ್ತದೋ. ಬಲಗೆನ್ನೆಯನ್ನು ಚಿವುಟಿದರೆ ನೋವು ಗೊತ್ತಾಗುತ್ತದೋ, ಇಲ್ಲ ಆಟಕ್ಕೆ ಸೋಲುತ್ತಿದ್ದಾರೋ.

ಡಾಕ್ಟರಮ್ಮನಿಗೆ ತೋರಿಸಿ. ಈ ವಾರವೇ.

ಅಪ್ಪ

*

ಆಗಸ್ಟ್ 7

ಪ್ರೀತಿಯ ಅಪ್ಪ,

ಮೊದಲು ಒಳ್ಳೆಯ ಸುದ್ದಿ, ಏಕೆಂದರೆ ನಿನ್ನ ಆ ಮೂರು ಪ್ರಶ್ನೆ ನನ್ನ ಜೀವ ತಿಂದುಬಿಟ್ಟವು. ಅಪಾಯವಿಲ್ಲ. ರಿಪೋರ್ಟ್ ನನ್ನ ಕೈಯಲ್ಲೇ ಇದೆ. ಕ್ಯಾನ್ಸರ್ ಅಲ್ಲ. ಆ ಪದವನ್ನು ಈ ಮನೆಯಲ್ಲಿ ಹದಿನೈದು ದಿನದಿಂದ ಯಾರೂ ಆಡಿರಲಿಲ್ಲ. ಇವತ್ತು ಇಬ್ಬರೂ ಅಡುಗೆಮನೆಯಲ್ಲಿ ನಿಂತು ಹತ್ತು ಸಲ ಜೋರಾಗಿ ಹೇಳಿದೆವು, ಭೂತ ಓಡಿಸುವ ಹಾಗೆ.

ನಡೆದದ್ದು ಹೇಳುತ್ತೇನೆ. ಒಂದು ಹಲ್ಲು ನಿಜವಾಗಿಯೂ ಅಲ್ಲಾಡುತ್ತಿತ್ತು. ಡಾಕ್ಟರಮ್ಮ ಎಕ್ಸ್‌ರೇ ತೆಗೆದರು. ಅಂಗುಳದ ಮೇಲಿನ ಎಲುಬು ಆವಿ ಕೂತ ಗಾಜಿನ ಹಾಗೆ ಮಸುಕಾಗಿ ಕಂಡಿತು. ದೊಡ್ಡಾಸ್ಪತ್ರೆಗೆ ಬರೆದುಕೊಟ್ಟರು. ಅಲ್ಲಿ ದವಡೆಯ ಸರ್ಜನ್ ಒಬ್ಬರಿದ್ದಾರೆ, ವಯಸ್ಸಾದವರು, ಮಾತು ಕಡಿಮೆ, ನಿನ್ನ ಹಾಗೇ. ಒಂದು ಚೂರು ತೆಗೆದು ಪರೀಕ್ಷೆಗೆ ಕಳಿಸಿದರು. ಎಲುಬು ತನ್ನ ಪಾಡಿಗೆ ತಾನು ಉಬ್ಬುವ ಒಂದು ಸಾಧು ಕಾಯಿಲೆ ಎಂದು ಉತ್ತರ ಬಂದಿದೆ. ಮುಟ್ಟುವುದು ಬೇಡ, ಆರು ತಿಂಗಳು ನೋಡೋಣ ಎಂದಿದ್ದಾರೆ.

ಸರ್ಜನ್ ಒಂದು ವಿಷಯವನ್ನು ಮಾತ್ರ ಮತ್ತೆ ಮತ್ತೆ ಕೇಳಿದರು. "ಎಷ್ಟು ದಿನದಿಂದ ಇದೆ? ನಿಧಾನಕ್ಕೆ ಬೆಳೀತಾ, ಬೇಗ ಬೆಳೀತಾ?"

ಇವರು "ಬಾಯೊಳಗೆ ಇಣುಕಿ ನೋಡೋಕೆ ಹೆಂಡ್ತಿ ಬಂದು ಇನ್ನೂ ಮೂರು ತಿಂಗಳು ಡಾಕ್ಟ್ರೇ" ಎಂದರು. ಸರ್ಜನ್ ನಗಲಿಲ್ಲ.

"ಪ್ಲೇಟು ಒತ್ತುತ್ತಿತ್ತು ಅಂದ್ರಲ್ಲ?"

"ಅದು ಬಿಸಿನೀರಿಗೆ ಬಾಗಿದ್ದು ಸರ್. ನಮ್ಮ ಮಾವ ಅದ್ರಲ್ಲೇ ಕೂದಲು ಬೆಳ್ಳಗೆ ಮಾಡ್ಕೊಂಡೋರು, ಅವರೇ ಹೇಳಿದ್ರು."

ಎರಡು ವರ್ಷದ ಹಿಂದಿನ ಎಕ್ಸ್‌ರೇ ಒಂದು ಡಾಕ್ಟರಮ್ಮನ ಹತ್ತಿರ ಸಿಕ್ಕಿತು. ಅದರಲ್ಲಿ ಏನೂ ಇಲ್ಲ. ಹಾಗಾದರೆ ಎರಡು ವರ್ಷದಿಂದ ಮೆಲ್ಲಗೆ ಬೆಳೆದಿರಬೇಕು, ಮೆಲ್ಲಗೆ ಬೆಳೆಯುವುದಾದರೆ ಹೆದರಿಕೆ ಇಲ್ಲ, ರಿಪೋರ್ಟಿಗೂ ಅದು ಹೊಂದುತ್ತದೆ ಎಂದು ಸರ್ಜನ್ ಬರೆದುಕೊಂಡರು. ನಡುವಿನದು ಏನಾದರೂ ದಾಖಲೆ ಇದ್ದರೆ ತನ್ನಿ ಎಂದರು. ನನಗೆ ತಟ್ಟನೆ ನಿನ್ನ ನೆನಪಾಯಿತು. ಮಾರ್ಚಿನ ಅಚ್ಚಿನಿಂದ ನೀನು ಮಾಡಿದ ಪ್ಲಾಸ್ಟರ್, ಇವರ ಬಾಯಿಯ ಬಿಳಿ ಮಾದರಿ, ಇದೆಯಾ ಅಪ್ಪ? ಅದರಲ್ಲಿ ಅಂಗುಳದಲ್ಲಿ ಏನಾದರೂ ಕಂಡಿತ್ತಾ? ಅವಸರವೇನೂ ಇಲ್ಲ, ಇದ್ದರೆ ಹೇಳು.

ಸದ್ಯಕ್ಕೆ ಪ್ಲೇಟು ಹಾಕುತ್ತಿಲ್ಲ. ಹಲ್ಲಿಲ್ಲದ ಮುದುಕನನ್ನು ಕಟ್ಟಿಕೊಂಡ ಹಾಗಾಗಿದೆ. ಇರಲಿ, ಬೇಗ ಮುದುಕರಾದರೆ ಬೇಗ ಅಭ್ಯಾಸವಾಗುತ್ತದೆ.

ನಿನ್ನ
ಚಿನಕುರಳಿ

*

ಆಗಸ್ಟ್ 16

ಚಿನಕುರಳಿಗೆ,

ಅಪಾಯವಿಲ್ಲ ಎಂದು ತಿಳಿದು ಸಮಾಧಾನವಾಯಿತು. ದೊಡ್ಡ ಡಾಕ್ಟರು ಹೇಳಿದ ಮೇಲೆ ಮುಗಿಯಿತು.

ಹಳೆಯ ಪ್ಲಾಸ್ಟರುಗಳನ್ನು ನಾನು ಇಡುವುದಿಲ್ಲ. ಎಸೆದಾಗಿದೆ.

ಅಳಿಯಂದಿರಿಗೆ ಆರೋಗ್ಯ ನೋಡಿಕೊಳ್ಳಲು ಹೇಳು.

ಅಪ್ಪ

*

ಸೆಪ್ಟೆಂಬರ್ 13

ಅಪ್ಪ,

ತುಂಬ ದಿನ ಬರೆಯಲಿಲ್ಲ. ಅಮ್ಮನಿಗೆ ಫೋನಿನಲ್ಲಿ ಎಲ್ಲ ಚೆನ್ನಾಗಿದೆ ಎಂದೇ ಹೇಳುತ್ತಿದ್ದೇನೆ. ನಿನಗೆ ಬರೆಯುವಾಗ ಆ ವಾಕ್ಯ ಬರುತ್ತಿಲ್ಲ.

ಇವರ ಮುಖ ಒಂದು ಕಡೆ ಬದಲಾಗಿದೆ. ಬಲಗೆನ್ನೆ ಮೂಗಿನ ಪಕ್ಕ ತುಂಬಿಕೊಂಡಿದೆ, ಒಂದು ತುತ್ತನ್ನು ಬಾಯಲ್ಲಿಟ್ಟುಕೊಂಡು ನುಂಗಲು ಮರೆತವರ ಹಾಗೆ. ಬಲಗಡೆ ಮೂಗಿನಲ್ಲಿ ಗಾಳಿ ಆಡುವುದಿಲ್ಲ. ಎರಡು ಸಲ ದಿಂಬಿನ ಮೇಲೆ ರಕ್ತ ನೋಡಿದೆ. ಇವರು "ಸೊಳ್ಳೆ" ಎಂದರು. ಅಷ್ಟು ರಕ್ತ ಇರುವ ಸೊಳ್ಳೆ ಕೋಳಿಯಷ್ಟು ದಪ್ಪ ಇರಬೇಕು.

ಆಸ್ಪತ್ರೆಗೆ ಹೋದೆವು. ಸರ್ಜನ್ ರಜೆಯಲ್ಲಿದ್ದರು. ಹೊರರೋಗಿ ವಿಭಾಗದ ಕಿರಿಯ ಡಾಕ್ಟರು ಫೈಲು ತೆರೆದು ರಿಪೋರ್ಟ್ ಓದಿ, "ಇದು ಗೊತ್ತಿರೋ ಕಾಯಿಲೆನೇ, ಉಬ್ಬುತ್ತೆ, ಫೆಬ್ರವರಿಯಲ್ಲಿ ಬನ್ನಿ" ಎಂದರು. ಒಂದು ಸಲ ಕಾಗದದ ಮೇಲೆ ಅಪಾಯವಿಲ್ಲ ಎಂದು ಬಿದ್ದರೆ ಆಮೇಲೆ ಎಲ್ಲರೂ ಕಾಗದವನ್ನೇ ನೋಡುತ್ತಾರೆ. ಇವರು ಎದುರಿಗೇ ಕೂತಿದ್ದರು.

ಕೆಲಸದಲ್ಲಿ ಇವರನ್ನು ಗುಂಡಿಗೆ ಇಳಿಸುತ್ತಿಲ್ಲ, ಸ್ಟೋರಿನಲ್ಲಿ ಕೂರಿಸಿದ್ದಾರೆ. ನಟ್ಟು ಬೋಲ್ಟು ಎಣಿಸುತ್ತಾರೆ. ಮನೆಗೆ ಬಂದು ಮಾತಾಡುವುದಿಲ್ಲ. ನಾನು ಮಾತಾಡುತ್ತಲೇ ಇರುತ್ತೇನೆ. ಪಕ್ಕದ ಮನೆಯ ಬೆಕ್ಕು, ಮೆಟ್ಟಿಲಿನ ಬಲ್ಬು, ಏನಾದರೊಂದು. ನಾನು ನಿಲ್ಲಿಸಿದರೆ ಇವರು ಮೂಗಿನಿಂದ ಎಳೆಯುವ ಉಸಿರು ಕೇಳುತ್ತದೆ.

ಅಪ್ಪ, ನೀನು ಜುಲೈಯಲ್ಲಿ ಆ ಮೂರು ಪ್ರಶ್ನೆ ಕೇಳಿದೆಯಲ್ಲ. ನಿನಗೆ ಹೇಗೆ ಹೊಳೆಯಿತು?

ಚಿನಕುರಳಿ

*

ಸೆಪ್ಟೆಂಬರ್ 20

ಮಗಳೇ,

ಈ ಪತ್ರ ಓದಿದ ತಕ್ಷಣ ಸರ್ಜನ್ ಎಲ್ಲಿದ್ದರೂ ಹೋಗಿ ಅವರ ಕೈಗೇ ಕೊಡು. ಜೊತೆಗಿರುವ ಪೆಟ್ಟಿಗೆಯನ್ನೂ ಕೊಡು. ಕಿರಿಯರಿಗೆ ಕೊಡಬೇಡ. ಕೆಳಗೆ ಬರೆದಿರುವುದು ಅವರಿಗಾಗಿ. ನಿನಗಾಗಿ ಬರೆಯುವ ಧೈರ್ಯ ನನಗೆ ಬರಲಿಲ್ಲ.

ಬಾಯಿಯ ಅಚ್ಚು ತೆಗೆಯುವಾಗ ಅಂಗುಳದ ಗೂಡಿನಲ್ಲಿ ಗಾಳಿ ಸಿಕ್ಕಿಕೊಂಡರೆ ಅಚ್ಚಿನಲ್ಲಿ ಗುಳ್ಳೆ ಬೀಳುತ್ತದೆ. ಅದಕ್ಕೆ ಪ್ಲಾಸ್ಟರ್ ಹೊಯ್ದಾಗ ಆ ಗುಳ್ಳೆಯ ಜಾಗ ತುಂಬಿ, ಬಾಯಿಯಲ್ಲಿ ಇಲ್ಲದ ಒಂದು ಗುಂಡು ಪ್ಲಾಸ್ಟರಿನಲ್ಲಿ ಎದ್ದು ನಿಲ್ಲುತ್ತದೆ. ಹತ್ತು ಅಚ್ಚಿನಲ್ಲಿ ನಾಲ್ಕರಲ್ಲಿ ಇದು ಇದ್ದದ್ದೇ. ಚಾಕುವಿನ ತುದಿ ತಾಗಿಸಿದರೆ ಟಕ್ಕನೆ ಹಾರಿಹೋಗುತ್ತದೆ, ಏಕೆಂದರೆ ಗುಳ್ಳೆಯಿಂದ ಆದದ್ದಕ್ಕೆ ಬುಡ ಕಿರಿದು.

ಮಾರ್ಚ್ 14ರಂದು ಅಳಿಯಂದಿರ ಪ್ಲಾಸ್ಟರಿನಲ್ಲಿ ಬಲಗಡೆ, ಹಿಂದಿನ ಎರಡು ಹಲ್ಲುಗಳ ಪಕ್ಕ, ಹೆಸರುಕಾಳನ್ನು ಸೀಳಿ ಮಗುಚಿಟ್ಟಷ್ಟು ಒಂದು ಗುಂಡು ಇತ್ತು. ಚಾಕು ತಾಗಿಸಿದೆ. ಹಾರಲಿಲ್ಲ. ಬುಡ ಅಗಲವಿತ್ತು. ನಾನು ಅದನ್ನು ಹೆರೆದು ನುಣುಪು ಮಾಡಿದೆ.

ಹೆರೆಯುವಾಗಲೇ ಕೈಗೆ ಗೊತ್ತಾಯಿತು. ಇದು ಗಾಳಿಯಲ್ಲ, ಬಾಯಿಯಲ್ಲಿ ಇರುವುದು. ಡಾಕ್ಟರಮ್ಮನಿಗೆ ಒಂದು ಚೀಟಿ ಬರೆಯಬೇಕಿತ್ತು. ಬೇರೆ ಯಾರದ್ದಾಗಿದ್ದರೂ ಬರೆಯುತ್ತಿದ್ದೆ. ಮಗಳ ಮದುವೆ ಗೊತ್ತಾಗಿರುವ ಹುಡುಗನ ಬಾಯಲ್ಲಿ ಏನೋ ಇದೆ ಎಂದು ಬರೆದರೆ ಅದು ಎಲ್ಲಿಗೆ ಹೋಗಿ ಮುಟ್ಟುತ್ತದೋ ಎಂದು ಹಿಂಜರಿದೆ. ಕೆಲವರಿಗೆ ಅಂಗುಳದಲ್ಲಿ ಎಲುಬು ಹುಟ್ಟಿನಿಂದಲೇ ಉಬ್ಬಿರುತ್ತದೆ, ಇದೂ ಹಾಗೇ ಇರಬೇಕು ಎಂದುಕೊಂಡೆ.

ಜೂನಿನಲ್ಲಿ ಪ್ಲೇಟು ಬಂದಾಗ ಪ್ಲಾಸ್ಟರಿನ ಮೇಲೆ ಕೂರಿಸಿ ನೋಡಿದೆ. ಡಾಕ್ಟರಮ್ಮ ಉಜ್ಜಿದ ಕಡೆ ಬಿಟ್ಟರೆ ಬೇರೆಲ್ಲೂ ಕೂದಲು ತೂರುವಷ್ಟು ಸಂದಿಯೂ ಇರಲಿಲ್ಲ. ಪ್ಲೇಟು ಬಾಗಿರಲಿಲ್ಲ, ಬದಲಾದದ್ದು ಬಾಯಿ. ಬಿಸಿನೀರಿನ ಮಾತು ನಿನಗೆ ಬರೆದಾಗ ನಾನು ಇನ್ನೂ ಪ್ಲೇಟು ನೋಡಿರಲಿಲ್ಲ. ನೋಡಿದ ಮೇಲೆ ಅದನ್ನು ತಿದ್ದಲೂ ಇಲ್ಲ.

ದಪ್ಪ ಅಳೆಯುವ ಕೈವಾರದಿಂದ ಅಳೆದದ್ದು ಕೆಲಸದ ಪುಸ್ತಕದಲ್ಲಿದೆ. ಏಪ್ರಿಲ್‌ನಲ್ಲಿ ಕಳಿಸುವಾಗ ಆ ಜಾಗದಲ್ಲಿ ಪ್ಲೇಟಿನ ದಪ್ಪ ಎರಡೂವರೆ ಮಿಲಿಮೀಟರ್. ಡಾಕ್ಟರಮ್ಮ ಉಜ್ಜಿ ಎರಡು. ಜೂನ್ 27ರಂದು ನಾನು ಉಜ್ಜಿ ಒಂದೂಕಾಲು. ಜುಲೈ 17ರಂದು ಒತ್ತುವ ಗುರುತು ಹೋಗುವಷ್ಟು ಉಜ್ಜಿದರೆ ತೂತು. ಅಂದರೆ ಇಪ್ಪತ್ತು ದಿನದಲ್ಲಿ ಆ ಗುಂಡು ಒಂದೂಕಾಲು ಮಿಲಿಮೀಟರಿಗೂ ಮೀರಿ ಬೆಳೆದಿದೆ. ಎರಡು ವರ್ಷದಿಂದ ಮೆಲ್ಲಗೆ ಬೆಳೆದದ್ದಲ್ಲ. ಇದನ್ನು ಸರ್ಜನ್ ಓದಲೇಬೇಕು.

ಪ್ಲಾಸ್ಟರ್ ಎಸೆದಿರಲಿಲ್ಲ. ಪೆಟ್ಟಿಗೆಯಲ್ಲಿದೆ. ಹೆರೆದ ಜಾಗಕ್ಕೆ ನೀಲಿ ಸುತ್ತು ಹಾಕಿದ್ದೇನೆ, ಓರೆಯಾಗಿ ಹಿಡಿದರೆ ಚಾಕುವಿನ ಗೀರು ಕಾಣುತ್ತದೆ. ಕೆಲಸದ ಪುಸ್ತಕದ ಹಾಳೆಯನ್ನೂ ಹರಿದು ಇಟ್ಟಿದ್ದೇನೆ.

ಆಗಸ್ಟಿನಲ್ಲಿ ನೀನು ನೇರವಾಗಿ ಕೇಳಿದ್ದೆ. ನಾನು ಸುಳ್ಳು ಬರೆದೆ.

ಅಪ್ಪ

*

ಅಕ್ಟೋಬರ್ 5

ಅಪ್ಪ,

ನಿಮ್ಮ ಪತ್ರ ಮತ್ತು ಪೆಟ್ಟಿಗೆ ತಲುಪಿದವು. ಸರ್ಜನ್ ಕೈಗೇ ಕೊಟ್ಟೆ. ಎರಡು ಸಲ ಓದಿದರು. ಪ್ಲಾಸ್ಟರನ್ನು ಕಿಟಕಿಯ ಬೆಳಕಿಗೆ ಹಿಡಿದು ಹೆಬ್ಬೆರಳಿನಿಂದ ಸವರಿದರು. ನಂತರ ನನ್ನೆದುರಿಗೇ ಪರೀಕ್ಷೆಯ ಲ್ಯಾಬಿಗೆ ಫೋನ್ ಮಾಡಿ ಹಳೆಯ ಚೂರನ್ನು ಮತ್ತೆ ನೋಡಲು ಹೇಳಿದರು. ನನ್ನ ಕಡೆ ತಿರುಗಿ, "ಆ ಸಾಧು ಕಾಯಿಲೆ ಮೂವತ್ತು ದಾಟಿದವರಲ್ಲಿ ಹೀಗೆ ಓಡಲ್ಲಮ್ಮ" ಎಂದರು.

ಮೊದಲ ಚೂರನ್ನು ಅಂಚಿನಿಂದ ತೆಗೆದಿದ್ದರಂತೆ. ಈ ಸಲ ಪೂರ್ತಿ ಪ್ರಜ್ಞೆ ತಪ್ಪಿಸಿ ಆಳದಿಂದ ತೆಗೆದರು. ಮೊನ್ನೆ ಉತ್ತರ ಬಂತು. ಎಲುಬಿನಲ್ಲೇ ಹುಟ್ಟುವ ಕ್ಯಾನ್ಸರ್. ಸಾಮಾನ್ಯವಾಗಿ ಮೊಣಕಾಲಿನ ಹತ್ತಿರ ಬರುತ್ತದೆ, ದವಡೆಯಲ್ಲಿ ಬರುವುದು ಅಪರೂಪ. "ನನ್ನ ಸರ್ವಿಸಿನಲ್ಲಿ ಇದು ಐದನೇದು" ಎಂದರು. ಮೊದಲಿನ ನಾಲ್ವರು ಏನಾದರು ಎಂದು ನಾನು ಕೇಳಲಿಲ್ಲ. ಎದೆಯ ಸ್ಕ್ಯಾನ್ ಆಗಿದೆ, ಅಲ್ಲಿ ಇನ್ನೂ ಏನಿಲ್ಲ.

ಅಕ್ಟೋಬರ್ 21ಕ್ಕೆ ಆಪರೇಷನ್. ಬಲಗಡೆಯ ಮೇಲ್ದವಡೆ, ಅರ್ಧ ಅಂಗುಳ, ಆರು ಹಲ್ಲು ತೆಗೆಯುತ್ತಾರೆ. ಆಮೇಲೆ ಬಾಯಿಗೂ ಮೂಗಿಗೂ ನಡುವೆ ಗೋಡೆ ಇರುವುದಿಲ್ಲ. ಕುಡಿದ ನೀರು ಮೂಗಿನಿಂದ ಬರುತ್ತದೆ, ಆಡಿದ ಮಾತು ಯಾರಿಗೂ ತಿಳಿಯುವುದಿಲ್ಲ. ಆ ತೂತನ್ನು ಮುಚ್ಚಲು ಒಂದು ಪ್ಲೇಟು ಬೇಕು, ಆಪರೇಷನ್ ಮುಗಿಯುವ ಹೊತ್ತಿಗೆ ಟೇಬಲ್ಲಿನ ಮೇಲೆ ತಯಾರಿರಬೇಕು. ಆಸ್ಪತ್ರೆಯಲ್ಲಿ ಅದನ್ನು ಮಾಡುತ್ತಿದ್ದವರು ನಿವೃತ್ತರಾಗಿದ್ದಾರೆ. ಸರ್ಜನ್ ನಿಮ್ಮ ಹಾಳೆಯನ್ನು ಮಡಚಿ ಫೈಲಿಗೆ ಹಾಕುತ್ತಾ, "ಇಷ್ಟು ಅಳತೆ ಇಡೋರು ಅವರೇ ಮಾಡ್ಲಿ" ಎಂದರು. ಅಚ್ಚನ್ನು ಇದರ ಜೊತೆ ಕಳಿಸುತ್ತಿದ್ದೇನೆ. ಕತ್ತರಿಸುವ ಗೆರೆಯ ನಕ್ಷೆಯನ್ನು ಅವರೇ ಬರೆದಿದ್ದಾರೆ.

ನಾನು ಕೋಪದಿಂದ ಬರೆಯುತ್ತಿಲ್ಲ. ಕೋಪಕ್ಕೆ ಈಗ ಪುರುಸೊತ್ತಿಲ್ಲ. ನೀವು ಬರೆದದ್ದನ್ನು ಇವರಿಗೆ ತೋರಿಸಿಲ್ಲ.

16ನೇ ತಾರೀಖಿನೊಳಗೆ ತಲುಪಬೇಕು.

ನಿಮ್ಮ ಮಗಳು

*

ಅಕ್ಟೋಬರ್ 12

ಮಗಳೇ,

ಪ್ಲೇಟು ಈ ಪೆಟ್ಟಿಗೆಯಲ್ಲಿದೆ. ಪೋಸ್ಟಿಗೆ ಹಾಕಿಲ್ಲ. ನಿನ್ನ ಅಮ್ಮನೇ ತರುತ್ತಿದ್ದಾಳೆ.

ಎರಡು ಪ್ಲಾಸ್ಟರ್ ಮಾಡಿದೆ. ಒಂದನ್ನು ಬಂದ ಹಾಗೆಯೇ, ಒಂದು ಪುಡಿಯನ್ನೂ ಉದುರಿಸದೆ ಇಟ್ಟುಕೊಂಡಿದ್ದೇನೆ. ಇನ್ನೊಂದರ ಮೇಲೆ ಡಾಕ್ಟರ ಗೆರೆ ಎಳೆದು ಆರು ಹಲ್ಲನ್ನು ಗರಗಸದಿಂದ ಕತ್ತರಿಸಿದೆ. ಆಮೇಲೆ ಆ ಗಡ್ಡೆಯನ್ನು ಹೆರೆದೆ. ಪ್ಲೇಟು ಕೂರಬೇಕಾದರೆ ಹೆರೆಯಲೇಬೇಕು, ಈ ಕೆಲಸದ ಕ್ರಮವೇ ಹಾಗೆ. ಮಾರ್ಚಿನಲ್ಲಿ ಎರಡು ಎಳೆತಕ್ಕೆ ಹೋಗಿತ್ತು. ಈ ಸಲ ಮುಕ್ಕಾಲು ಗಂಟೆ ಹಿಡಿಯಿತು.

ತಂತಿಯ ಕೊಂಡಿಗಳು ಎಡಗಡೆಯ ಹಲ್ಲುಗಳಿಗೆ ಸಿಕ್ಕಿಸುವಂತಿವೆ. ಹೊಲಿಗೆಗೆ ಅಂಚಿನಲ್ಲಿ ನಾಲ್ಕು ತೂತು ಬಿಟ್ಟಿದ್ದೇನೆ. ಮುಂದಿನ ಹಲ್ಲು ಮೊದಲಿನ ಬಣ್ಣದ್ದೇ.

ನಿನ್ನ ಅಮ್ಮನಿಗೆ ಎಲ್ಲ ಹೇಳಿದೆ. ಅವಳು ಎಂದಿನಂತೆ ಕಿವಿಯ ಹತ್ತಿರ ಬಂದು ಕೂಗಲಿಲ್ಲ. ದೂರದಲ್ಲೇ ನಿಂತು ಏನೋ ಅಂದಳು. ನನಗೆ ಕೇಳಿಸಲಿಲ್ಲ. ಮತ್ತೆ ಹೇಳು ಎಂದು ಕೇಳಲೂ ಇಲ್ಲ.

ಬರಲೇ ಎಂದು ಕೇಳುವ ಹಕ್ಕು ನನಗಿಲ್ಲ.

ಅಪ್ಪ

*

ನವೆಂಬರ್ 28

ಅಪ್ಪ,

ಅಮ್ಮ ಊರಿಗೆ ಬಂದು ಎಷ್ಟು ಹೇಳಿದ್ದಾಳೋ ತಿಳಿಯದು. ಆದ್ದರಿಂದ ಮೊದಲಿನಿಂದ ಬರೆಯುತ್ತೇನೆ.

ಆಪರೇಷನ್ ಏಳು ಗಂಟೆ ನಡೆಯಿತು. ಪ್ಲೇಟು ಮೊದಲ ಸಲಕ್ಕೇ ಕೂತಿತಂತೆ. ಥಿಯೇಟರಿನಿಂದ ಹೊರಗೆ ಬಂದು ಸರ್ಜನ್ ಹೇಳಿದ ಮೊದಲ ಮಾತು ಅದೇ, ಆಮೇಲೆ ಮಿಕ್ಕದ್ದು. ಐದು ದಿನ ಮೂಗಿನ ಕೊಳವೆಯಲ್ಲಿ ಊಟ. ಆರನೆಯ ದಿನ ನೀರು ಕುಡಿಸಿದರು, ಒಂದು ಹನಿಯೂ ಮೂಗಿಗೆ ಬರಲಿಲ್ಲ. ನಾನು ಪಕ್ಕದಲ್ಲಿ ಕೂತು ಏನೇನೋ ಒದರುತ್ತಿದ್ದೆ, ವಾರ್ಡಿನ ಪರದೆಯ ಬಣ್ಣ, ನರ್ಸಮ್ಮನ ಚಪ್ಪಲಿಯ ಸದ್ದು, ಎಲ್ಲ. ಇವರು ಕೈಯೆತ್ತಿ, "ಮೇಡಂ, ಒಂದ್ನಿಮಿಷ ಸುಮ್ನಿರ್ತೀಯಾ" ಎಂದರು. ದಪ್ಪ ದನಿ, ಆದರೆ ಒಂದೊಂದು ಅಕ್ಷರವೂ ಬೇರೆ ಬೇರೆಯಾಗಿ ಕೇಳಿತು. ಪಕ್ಕದ ಹಾಸಿಗೆಯವರು ನಕ್ಕರು. ನಾನು ಹೊರಗೆ ಹೋಗಿ ಅತ್ತುಬಂದೆ.

ಆ ಸಂತೋಷ ಒಂಬತ್ತು ದಿನ ಇತ್ತು. ತೆಗೆದ ಎಲುಬನ್ನು ಪರೀಕ್ಷಿಸಿದ ರಿಪೋರ್ಟ್ ಬಂತು. ಮುಂದೆ, ಮೇಲೆ, ಪಕ್ಕದಲ್ಲಿ ಅಂಚು ಶುದ್ಧವಾಗಿದೆ. ಹಿಂದಿನ ಅಂಚಿನಲ್ಲಿ ಇಲ್ಲ. ತಲೆಬುರುಡೆಯ ತಳದ ಕಡೆ ಹೋಗುವ ಜಾಗ, ಅಲ್ಲಿಂದಾಚೆ ಕತ್ತರಿಸಲಾಗುವುದಿಲ್ಲ. ಈಗ ವಾರಕ್ಕೆ ಐದು ದಿನ ಕರೆಂಟು, ಅಂದರೆ ರೇಡಿಯೇಷನ್, ಕೊಡುತ್ತಿದ್ದಾರೆ, ಆರು ವಾರ. ಈ ಜಾತಿಯ ಗಡ್ಡೆ ಅದಕ್ಕೆ ಚೆನ್ನಾಗಿ ಬಗ್ಗುವುದಿಲ್ಲ ಎಂದೂ ಹೇಳಿದ್ದಾರೆ. ಆದರೂ ಕೊಡುತ್ತಾರೆ.

ನಾನು ಸರ್ಜನ್‌ರನ್ನು ಕೇಳಿದೆ, "ಆಗಸ್ಟಿನಲ್ಲೇ ಮಾಡಿದ್ರೆ ಹಿಂದಿನ ಅಂಚು ಸಿಗ್ತಿತ್ತಾ ಸರ್?"

ಅವರು ಕನ್ನಡಕ ತೆಗೆದು ಒರೆಸಿದರು. "ಆ ಲೆಕ್ಕ ನಂಗೆ ಬರಲ್ಲಮ್ಮ. ಬಂದ್ರೂ ನಿನಗೆ ಹೇಳಲ್ಲ."

ಇವರಿಗೆ ನಿಮ್ಮ ಪತ್ರ ಓದಿ ಹೇಳಿದೆ. ಮುಚ್ಚಿಟ್ಟುಕೊಂಡು ಅದೇ ಮನೆಯಲ್ಲಿ ಓಡಾಡಲು ನನ್ನಿಂದ ಆಗಲಿಲ್ಲ. ಬಾಯಿ ಹುಣ್ಣಾಗಿದ್ದರಿಂದ ಪ್ಲೇಟು ತೆಗೆದಿಟ್ಟಿದ್ದರು. ನೋಟ್‌ಬುಕ್ ತೆಗೆದುಕೊಂಡು ತುಂಬ ಹೊತ್ತು ಬರೆದರು. ಹಾಳೆ ನನ್ನ ಕಡೆ ತಿರುಗಿಸಿದಾಗ ಇದ್ದದ್ದು ಇಷ್ಟೇ. "ಫೆಬ್ರವರಿಯಿಂದಲೇ ನಾಲಿಗೆಗೆ ಸಿಗುತ್ತಿತ್ತು. ಡಾಕ್ಟರಮ್ಮ ಅಚ್ಚು ತೆಗೆಯುವಾಗ ಹೇಳಬೇಕೆಂದಿದ್ದೆ. ಮದುವೆ ಮುಂದೆ ಹೋದರೆ ನೀನು ಮನಸ್ಸು ಬದಲಾಯಿಸುತ್ತೀಯ ಎಂದುಕೊಂಡೆ."

ಇದನ್ನು ಓದಿ ನಿಮಗೆ ಹಗುರವಾಗಬಾರದು. ಇವರ ನಾಲಿಗೆಗೆ ಅದು ಏನೆಂದು ಗೊತ್ತಿರಲಿಲ್ಲ. ನಿಮ್ಮ ಕೈಗೆ ಗೊತ್ತಿತ್ತು. ಇವರ ಕೆನ್ನೆಯ ಮೇಲೆ ಬರೆದು ನಗುತ್ತಿದ್ದ ನನಗೆ ಏನೂ ಗೊತ್ತಿರಲಿಲ್ಲ, ಅದಕ್ಕೂ ನನಗೆ ಕ್ಷಮೆ ಇಲ್ಲ. ನಾವು ಮೂವರೂ ಇವರ ಬಾಯಿಯ ಸುತ್ತಲೇ ಇದ್ದೆವು.

ಈಗ ಬರೆಯಲೇಬೇಕಾದ ವಿಷಯ. ಗಾಯ ಮಾಗುತ್ತಾ ಆ ತೂತಿನ ಆಕಾರ ವಾರವಾರವೂ ಬದಲಾಗುತ್ತದೆ. ಪ್ಲೇಟು ಸಡಿಲವಾಗಿ ಮಾತು ಮತ್ತೆ ಮೂಗಿಗೆ ಹೋಗುತ್ತಿದೆ. ಒಂದು ವರ್ಷವಾದರೂ ತಿಂಗಳಿಗೊಮ್ಮೆ ಪ್ಲೇಟನ್ನು ಹೊಂದಿಸಬೇಕು. ಇನ್ನೊಂದು ಕಾರಣವೂ ಇದೆ. ಗಡ್ಡೆ ಮತ್ತೆ ಬಂದರೆ ಮೊದಲು ಗೊತ್ತಾಗುವುದು ಪ್ಲೇಟಿಗೇ ಎಂದು ಸರ್ಜನ್ ಹೇಳಿದರು, ಅದಕ್ಕೇ ಹೊಂದಿಸುವವರ ಕೈ ಬದಲಾಗಬಾರದಂತೆ.

ಅಚ್ಚನ್ನು ಇನ್ನು ಪೋಸ್ಟಿನಲ್ಲಿ ಕಳಿಸುವುದಿಲ್ಲ. ಮುಂದಿನ ತಿಂಗಳ ಹತ್ತರಂದು ಬನ್ನಿ. ನಾಲ್ಕು ಮಹಡಿ ಹತ್ತಬೇಕು, ನಿಧಾನವಾಗಿ ಹತ್ತಿ. ಬಂದಾಗ ನಾನು ಮಾತಾಡುತ್ತೇನೋ ಇಲ್ಲವೋ ಈಗ ಹೇಳಲಾರೆ. ಇವರು ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಕೂತು ಬಾಯಿ ತೆರೆಯುತ್ತಾರೆ. ಒಳಗೆ ಎಷ್ಟು ಹೋಗಿದೆ ಎಂದು ನೀವು ಒಮ್ಮೆ ಕಣ್ಣಾರೆ ನೋಡಬೇಕು. ಟಾರ್ಚ್ ನಾನು ಹಿಡಿಯುತ್ತೇನೆ.

ನಿಮ್ಮ ಮಗಳು